ಆಯ್ತು ಅಂದವಳು

ಕೈ ಸುಟ್ಟದ್ದು ಒಬ್ಬಳದು. ತಪ್ಪು ನನ್ನದು ಅಂತ ಸಹಿ ಹಾಕು ಅಂದದ್ದು ಇನ್ನೊಬ್ಬಳಿಗೆ. ಯಂತ್ರಕ್ಕೆ ಬಟ್ಟೆ ಬಿಗಿದವನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದ. ನ್ಯಾಯ ಅಂದರೆ ಇಷ್ಟೇ ನೋಡಿ. ಎಷ್ಟು ದೂರದ ಊರಿಗಾದರೂ ಹೋಗಿ, ಅದು ನಿಮಗಿಂತ ಮುಂಚೆ ಹೋಗಿ ಕಾಲು ಚಾಚಿಕೊಂಡು ಕೂತಿರುತ್ತದೆ.

ಅವಳು ಆ ದೇಶಕ್ಕೆ ಬಂದು ಐದು ತಿಂಗಳಾಗಿತ್ತು. ಗಂಡ, ಅವಳು, ಎರಡು ಸೂಟ್‌ಕೇಸು. ನಾಲ್ಕನೇ ಮಹಡಿಯಲ್ಲಿ ಒಂದೇ ಒಂದು ರೂಮು. ಕಿಟಕಿ ತೆಗೆದರೆ ಇನ್ನೊಂದು ಕಟ್ಟಡದ ಗೋಡೆ. ಬರಿಗಾಲಲ್ಲಿ ಓಡಾಡಿದರೂ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದರು. ಬಸ್ಸಿನಲ್ಲಿ ಎಲ್ಲ ಸೀಟೂ ತುಂಬಿದ ಮೇಲೇ ಅವಳ ಪಕ್ಕದ ಸೀಟು ತುಂಬುತ್ತಿತ್ತು. ಬೋರ್ಡು ಓದಲು ಬಾರದೆ ಅವಳು ಸ್ಟಾಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಒಂಬತ್ತನೆಯದಕ್ಕೆ ಇಳಿದರೆ ಬಟ್ಟೆ ಒಗೆಯುವ ಕಾರ್ಖಾನೆ. ಒಂದು ದಿನ ಬಸ್ಸು ಒಂದು ಕಡೆ ನಿಲ್ಲದೆ ಹೋಗಿ, ಲೆಕ್ಕ ತಪ್ಪಿ, ಯಾವುದೋ ಸ್ಮಶಾನದ ಎದುರು ಇಳಿದು ಅಳುತ್ತ ನಿಂತಿದ್ದಳು.

ಗಂಡ ಊರಲ್ಲಿ ಲಾರಿ ಓಡಿಸುತ್ತಿದ್ದವನು. ಇಲ್ಲಿ ಅವನ ಲೈಸೆನ್ಸು ಬರೀ ರಟ್ಟು. ಅವಳ ಕೆಲಸದ ಮೇಲೆ ಅವಳ ಕಾಗದ ನಿಂತಿತ್ತು, ಅವಳ ಕಾಗದದ ಮೇಲೆ ಗಂಡನ ಕಾಗದ. ಆರು ತಿಂಗಳಿಗೊಮ್ಮೆ ಕಾರ್ಖಾನೆಯವರು ‘ಇವಳು ನಮಗೆ ಬೇಕು’ ಅಂತ ಒಂದು ಪತ್ರ ಬರೆದುಕೊಟ್ಟರೆ ಇಬ್ಬರೂ ಇರಬಹುದು, ಗಂಡನೂ ಕೆಲಸಕ್ಕೆ ಸೇರಬಹುದು. ಕೊಡದಿದ್ದರೆ ಒಂದು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ಮೊದಲ ಪತ್ರ ಬರೆಯುವ ಹೊತ್ತು ಹತ್ತಿರ ಬಂದಿತ್ತು.

ಕೆಲಸ ಕೊಡಿಸಿದವರು ‘ನಮ್ಮೋರು’. ಅದು ಅವರ ಹೆಸರಲ್ಲ. ಬಾಯಿ ಬಿಟ್ಟರೆ ‘ಪರದೇಶದಲ್ಲಿ ನಾವೆಲ್ಲ ನಮ್ಮೋರು’ ಅನ್ನುತ್ತಿದ್ದರು, ಅದಕ್ಕೇ ಗಂಡ ಹೆಂಡತಿ ತಮ್ಮತಮ್ಮಲ್ಲೇ ಇಟ್ಟ ಹೆಸರು. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ಕಾರ್ಖಾನೆಗೆ ಆಳು ಒದಗಿಸುವುದು, ಆಳಿಗೂ ಆಫೀಸಿಗೂ ನಡುವೆ ದುಭಾಷಿಯಾಗಿ ನಿಲ್ಲುವುದು ಅವರ ಉದ್ಯೋಗ. ಮೊದಲ ದಿನ ಮನೆಗೆ ಕರೆಸಿ ಸೋಫಾದ ಮೇಲೆ ಕೂರಿಸಿದರು. ಅಲ್ಲಿಂದ ಶುರುವಾಯಿತು ವಿಚಾರಣೆ.

“ನಿಮ್ಮಪ್ಪ ಏನ್ ಮಾಡ್ತಿದ್ರಮ್ಮ?”

“ಮುನಿಸಿಪಾಲ್ಟೀಲಿದ್ರು ಸಾರ್.”

“ಮುನಿಸಿಪಾಲ್ಟೀಲಿ ಏನು? ಗುಮಾಸ್ತರಾ?”

“ಮೋರಿ ಕೆಲಸ ಸಾರ್.”

“ಓ” ಅಂದರು. ಓ ಅಂದರೆ ಓ. ಅಷ್ಟೇ. ಮುಂದಿನ ಭಾನುವಾರ ಅವರ ಮನೆಯ ನೆಲ ಒರೆಸಲು ಹೋದಾಗ “ಹಿಂದಿನ ಬಾಗ್ಲಿಂದ ಬಾಮ್ಮ, ಮುಂದೆ ಕಾರ್ಪೆಟ್ ಇದೆ” ಅಂದರು. ಕಾರ್ಪೆಟ್ಟು ಹಿಂದಿನ ವಾರವೂ ಇತ್ತು. ಅವಳೇನೂ ಪೆದ್ದಿಯಲ್ಲ, ಅವಳಿಗೂ ತಿಳಿಯಿತು. ಆದರೂ ಕೆಲಸ ಕೊಡಿಸಿದ ಋಣ ಅಂತ ಪ್ರತಿ ಭಾನುವಾರ ಪುಕ್ಕಟೆ ನೆಲ ಒರೆಸಿದಳು.

ಕೆಲಸಕ್ಕೆ ಸೇರುವ ಹಿಂದಿನ ದಿನ ಅವರು ಹಳೇ ಲಕೋಟೆಯೊಂದರ ಹಿಂದೆ ಆ ಊರಿನ ಭಾಷೆಯ ಒಂಬತ್ತು ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ‘ಇಷ್ಟು ಸಾಕು, ಬದುಕ್ಕೋತೀಯ’ ಅಂದರು. ಹತ್ತನೆಯದನ್ನು ಅವಳೇ ಕೇಳಿದಳು.

“ಸಾರ್, ಆಯ್ತು ಅನ್ನೋದಕ್ಕೆ ಏನಂತಾರೆ?”

ಅವರ ಕಣ್ಣು ಟೀವಿಯ ಮೇಲಿತ್ತು. ಒಂದು ಪದ ಒದರಿದರು. ಅವಳು ಬರೆದುಕೊಂಡಳು.

ಎಡವಟ್ಟಾದದ್ದು ಇಲ್ಲೇ. ನಮ್ಮ ಆಯ್ತು ಎಂಥ ಆಯ್ತು ಅಂತ ನಿಮಗೆ ಹೇಳಬೇಕೆ? ನೀರು ತಗೊಂಡು ಬಾ ಅಂದರೆ, ಆಯ್ತು. ನಾಳೆ ಬಾ ಅಂದರೆ, ಆಯ್ತು. ಬಾಯ್ಮುಚ್ಚು ಅಂದರೂ ಆಯ್ತು. ಊಟ ಆಯ್ತಾ ಅಂದರೂ ಆಯ್ತು. ಇನ್ನೂ ಮಾಡದ ಕೆಲಸಕ್ಕೂ ಅದೇ, ಮಾಡಿ ಮುಗಿಸಿದ ಕೆಲಸಕ್ಕೂ ಅದೇ. ಅವರ ಭಾಷೆಯಲ್ಲಿ ಹಾಗಲ್ಲ. ‘ಸರಿ, ಮಾಡ್ತೀನಿ’ ಅನ್ನುವುದಕ್ಕೆ ಒಂದು ಪದ, ‘ಮುಗಿಯಿತು’ ಅನ್ನುವುದಕ್ಕೆ ಬೇರೆ ಪದ. ನಮ್ಮೋರು ಕೊಟ್ಟದ್ದು ಎರಡನೆಯದು. ಅವಳು ಐದು ತಿಂಗಳು ಯಾರು ಏನು ಹೇಳಿದರೂ ‘ಮುಗಿಯಿತು, ಮುಗಿಯಿತು’ ಅನ್ನುತ್ತ ತಿರುಗಿದಳು. ಇದನ್ನು ಒಗೆದು ತಾ ಅಂದರೆ ಮುಗಿಯಿತು. ಕೆಲಸದವರು ಬಿದ್ದು ಬಿದ್ದು ನಕ್ಕರು. ಆ ಪದವನ್ನೇ ಅವಳ ಹೆಸರು ಮಾಡಿದರು. ಪ್ರೀತಿಯಿಂದ ಕರೆಯುತ್ತಾರೆ ಅಂದುಕೊಂಡು ಅವಳೂ ನಕ್ಕಳು.

ಕೆಲಸ ಅಂದರೆ ಕತ್ತೆ ಚಾಕರಿ. ಊರಿನ ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಮೂಟೆ ಬಿಚ್ಚಿದರೆ ಯಾರದೋ ಬೆವರು, ಯಾರದೋ ವಾಂತಿ, ಯಾರದೋ ರಕ್ತ. ಒಗೆಯುವುದು ಯಂತ್ರವೇ. ಆದರೆ ಒದ್ದೆ ಹಚ್ಚಡಗಳನ್ನು ಅದರ ಹೊಟ್ಟೆಯಿಂದ ಎಳೆದು ಹಾಕುವುದು ಮನುಷ್ಯರು. ಅವು ಒಂದಕ್ಕೊಂದು ಹುರಿಯಾಗಿ ಸುತ್ತಿಕೊಂಡು, ಎಳೆದರೆ ತೋಳಿನ ಕೀಲು ಕಳಚಿ ಬರುವಂತಾಗುತ್ತಿತ್ತು. ಆಮೇಲೆ ಇಸ್ತ್ರಿಯ ರೋಲರು. ಆಳುದ್ದದ ಬಿಸಿ ಉರುಳೆ, ಉರುಳುತ್ತಲೇ ಇರುತ್ತದೆ. ಇಬ್ಬರು ಎರಡು ತುದಿ ಹಿಡಿದು ಹಚ್ಚಡದ ಅಂಚನ್ನು ಅದರ ಬಾಯಿಗೆ ಕೊಡಬೇಕು. ಮೊದಲ ತಿಂಗಳು ಅವಳ ಬೆರಳ ತುದಿಯ ಚರ್ಮ ಎದ್ದುಹೋಗಿ, ಸಂಜೆ ಗಂಡ ಅನ್ನ ಕಲಸಿ ಬಾಯಿಗಿಡಬೇಕಾಯಿತು. ಉಚ್ಚೆಗೆ ಹೋಗಬೇಕಾದರೂ ಮೇಸ್ತ್ರಿಯ ಎದುರು ನಿಂತು ಕೈ ಎತ್ತಬೇಕು. ಅವನು ಗಡಿಯಾರ ನೋಡಿ ತಲೆಯಾಡಿಸಬೇಕು.

ರೋಲರಿನ ಇನ್ನೊಂದು ತುದಿಗೆ ಇದ್ದವಳು ಬೇರೆ ಯಾವುದೋ ದೇಶದಿಂದ ಬಂದವಳು. ಐವತ್ತು ದಾಟಿದ ಹೆಂಗಸು, ದಪ್ಪ ಮಣಿಕಟ್ಟು, ನಕ್ಕರೆ ಎರಡು ಹಲ್ಲಿಲ್ಲ. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಮೊದಲ ದಿನ ಇವಳು “ಅಕ್ಕಾ” ಅಂದಳು. ಅದೇನೋ ನಮಸ್ಕಾರದಂಥ ಮಾತು ಅಂದುಕೊಂಡು ಅವಳೂ “ಅಕ್ಕಾ” ಅಂದಳು. ಅವತ್ತಿನಿಂದ ಅಮ್ಮನಷ್ಟು ವಯಸ್ಸಿನವಳು ಮಗಳಷ್ಟು ವಯಸ್ಸಿನವಳನ್ನು ಅಕ್ಕಾ ಅಂತ ಕರೆಯುತ್ತಿದ್ದಳು. ಇವಳ ಬೆರಳು ಸುಲಿದಿದ್ದಾಗ ಅಕ್ಕ ತನ್ನ ಕೈಗವುಸು ಬಿಚ್ಚಿ ಇವಳ ಕೈಗೆ ತೊಡಿಸಿ, ತಾನು ಬರಿಗೈಯಲ್ಲಿ ಒಂದು ವಾರ ಮಾಡಿದಳು. ಆ ಊರಿನಲ್ಲಿ ಇವಳನ್ನು ಕೈಯಿಂದ ಮುಟ್ಟಿದ ಪರಕೀಯಳು ಅವಳೊಬ್ಬಳೇ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇತ್ತು. ಕೈ ತಗುಲಿ ಅದು ಒಳಕ್ಕೆ ಜರುಗಿದರೆ ಯಂತ್ರ ನಿಲ್ಲಬೇಕು. ಕೈ ಉಳಿಸಲು ಇಟ್ಟದ್ದೇ ಅದು. ಆದರೆ ದಪ್ಪ ಅಂಚಿನ ಹಚ್ಚಡ ತಗುಲಿದರೂ ಜರುಗಿ, ಯಂತ್ರ ದಿನಕ್ಕೆ ಹತ್ತು ಸಲ ನಿಲ್ಲುತ್ತಿತ್ತು. ಕೆಲಸ ಹಿಂದೆ ಬೀಳುತ್ತಿತ್ತು. ಮೇಸ್ತ್ರಿ ಒಂದು ದಿನ ಬೈದುಕೊಳ್ಳುತ್ತ ಬಂದ. ಹರಿದ ದಿಂಬಿನ ಚೀಲವನ್ನು ಉದ್ದಕ್ಕೆ ಸೀಳಿದ. ಪಟ್ಟಿಯನ್ನು ಪಕ್ಕದ ಕಂಬಕ್ಕೆ ಮೂರು ಸುತ್ತು ಬಿಗಿದು ಗಂಟು ಹಾಕಿದ. ಇನ್ನು ಅದು ಜರುಗದು, ಯಂತ್ರ ನಿಲ್ಲದು. ಅಕ್ಕ ಇವಳ ಮುಖ ನೋಡಿದಳು. ಇವಳು ಅಕ್ಕನ ಮುಖ ನೋಡಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ಹಚ್ಚಡ ಎತ್ತಿದರು.

ಪ್ರತಿದಿನ ಬೆಳಿಗ್ಗೆ ಮೇಸ್ತ್ರಿ ಕಾಗದ ಸಿಕ್ಕಿಸಿದ ರಟ್ಟು ಹಿಡಿದು ಬಂದು ಇವಳ ಹತ್ತಿರ ಉದ್ದಕ್ಕೆ ಏನೋ ಹೇಳುತ್ತಿದ್ದ. ಜೋಪಾನ, ಬೇಗ ಬೇಗ ಮಾಡಿ ಅನ್ನುತ್ತಿರಬೇಕು ಅಂದುಕೊಂಡು ಇವಳು ತನ್ನ ಹತ್ತನೇ ಪದ ಹೇಳುತ್ತಿದ್ದಳು. ಅವನು ಗೀಟು ಹಾಕಿಕೊಂಡು ಹೋಗುತ್ತಿದ್ದ. ಅಕ್ಕನನ್ನು ಅವನು ಕೇಳುತ್ತಿರಲಿಲ್ಲ. ಅವಳಿಗೆ ಆ ಊರಿನ ಮಾತು ಅಷ್ಟಿಷ್ಟು ಬರುತ್ತಿತ್ತಲ್ಲ!

ಒಂದು ಬುಧವಾರ, ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು, ಹಚ್ಚಡದ ಅಂಚು ಅಕ್ಕನ ಕೈಗವುಸಿನ ದಾರಕ್ಕೆ ಸಿಕ್ಕಿಕೊಂಡಿತು. ಬಟ್ಟೆಯ ಜೊತೆ ಕೈ ಹೋಯಿತು. ಪಟ್ಟಿಗೆ ತಗುಲಿತು. ಪಟ್ಟಿ ಜರುಗಲಿಲ್ಲ. ಮಣಿಕಟ್ಟಿನವರೆಗೂ ಒಳಗೆ ಹೋಯಿತು. ಅಕ್ಕ ಕೂಗಿದ ಕೂಗಿಗೆ ಭಾಷೆ ಇರಲಿಲ್ಲ. ಇವಳು “ನಿಲ್ಸ್ರೋ, ನಿಲ್ಸ್ರೋ” ಅಂತ ಕನ್ನಡದಲ್ಲೇ ಅರಚಿದಳು. ಯಾರಿಗೆ ತಿಳಿಯಬೇಕು? ಕೊನೆಗೆ ತಾನೇ ಓಡಿ ಗೋಡೆಯ ದೊಡ್ಡ ಸ್ವಿಚ್ಚನ್ನು ಎರಡೂ ಕೈಯಲ್ಲಿ ಎಳೆದು ಬೀಳಿಸಿದಳು. ಅಷ್ಟರಲ್ಲಿ ಕೈ ಬೆಂದಿತ್ತು. ಬಿಳೀ ಹಚ್ಚಡದ ಮೇಲೆ ಚರ್ಮ ಅಂಟಿಕೊಂಡಿತ್ತು.

ಮಾರನೇ ದಿನ ಯಂತ್ರದ ಮೇಲೆ ದಿಂಬಿನ ಬಟ್ಟೆ ಇರಲಿಲ್ಲ. ಪಟ್ಟಿ ಮುಟ್ಟಿದರೆ ಸಲೀಸಾಗಿ ಜರುಗುತ್ತಿತ್ತು.

ಅಂದಿನ ಕೆಲಸ ಮುಗಿದ ಮೇಲೆ ಅವಳು ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ಅಕ್ಕನ ಮಗ ನಿಂತಿದ್ದ. ಅವಳನ್ನು ನೋಡಿದ್ದೇ ತಡ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತ. ಏನೇನೋ ಕೂಗಿದ. ಅದರಲ್ಲಿ ಅವಳಿಗೆ ತಿಳಿದದ್ದು ಒಂದೇ ಪದ, ಅವಳ ಹತ್ತನೇ ಪದ. ಅದನ್ನೇ ಮತ್ತೆ ಮತ್ತೆ ಅವಳ ಮುಖಕ್ಕೆ ಉಗಿದ. ತಂದಿದ್ದ ಹಣ್ಣಿನ ಚೀಲ ಕೆಳಗಿಟ್ಟಳು. ಅವನು ಕಾಲಲ್ಲಿ ಆಚೆ ತಳ್ಳಿದ. ನಾನೇನಪ್ಪಾ ಮಾಡಿದೆ ನಿನಗೆ ಅಂತ ಕೇಳಲು ಅವಳಿಗೆ ಪದ ಗೊತ್ತಿರಲಿಲ್ಲ. ಹಣ್ಣು ಆರಿಸಿಕೊಂಡು ವಾಪಸು ಬಂದಳು.

ಅಂದು ಸಂಜೆ ನಮ್ಮೋರು ರೂಮಿಗೆ ಬಂದರು. ಅಲ್ಲಿಯವರೆಗೂ ಅವರು ಆ ಮೆಟ್ಟಿಲು ಹತ್ತಿದವರಲ್ಲ. ಇದ್ದ ಒಂದು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತರು. ಕೈಯಲ್ಲಿ ಒಂದು ಕಾಗದ.

“ಗಾಬರಿ ಆಗ್ಬೇಡಿ. ಎಲ್ಲ ಮಾತಾಡಿದೀನಿ. ನಾಳೆ ದೊಡ್ಡಾಫೀಸಿಂದ ಒಬ್ರು ಮೇಡಂ ಬರ್ತಾರೆ. ಅವರ ಮುಂದೆ ಇದಕ್ಕೊಂದು ಸಹಿ ಹಾಕ್ಬಿಟ್ರೆ ಮುಗೀತು. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ. ನಿಮ್ಮ ಪತ್ರಾನೂ ನಾಳೇನೇ ಕೊಡ್ತಾರೆ.”

“ಏನು ಬರ್ದಿದೆ ಸಾರ್ ಅದರಲ್ಲಿ?” ಅಂದಳು.

ಅವರು ಕನ್ನಡದಲ್ಲಿ ಹೇಳಿದರು. ರೋಲರಿನ ಪಟ್ಟಿ ಸರಿಯಿದೆಯೋ ಇಲ್ಲವೋ ಅಂತ ದಿನಾ ಬೆಳಿಗ್ಗೆ ನೋಡುವುದು ಇವಳ ಜವಾಬ್ದಾರಿ. ನೋಡಿ ಮುಗಿಯಿತೆ ಅಂತ ಮೇಸ್ತ್ರಿ ಕೇಳಿದಾಗಲೆಲ್ಲ ಇವಳು ‘ಮುಗಿಯಿತು’ ಅಂದಿದ್ದಾಳೆ. ನೋಡದೆಯೇ ಅಂದಿದ್ದಾಳೆ. ಅಪಘಾತ ಇವಳ ಅಜಾಗರೂಕತೆಯಿಂದ ಆಗಿದೆ. ಕಂಪನಿಗೆ ಸಂಬಂಧವಿಲ್ಲ.

“ಮುಗೀತು ಅಂತ ನಾನ್ಯಾವಾಗ ಅಂದೆ? ಆಯ್ತು ಅಂತಿದ್ದೆ ಅಷ್ಟೇ. ನೀವೇ ಹೇಳ್ಕೊಟ್ಟ ಪದ ಸಾರ್!”

ಲಕೋಟೆ ತಂದು ತೋರಿಸಿದಳು. ಅವರು ಓದಿದರು. ಮುಖ ಸಣ್ಣದಾಯಿತು. ತಪ್ಪು ಯಾರ ಬಾಯಿಂದ ಹುಟ್ಟಿದ್ದು ಅಂತ ಅವರಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಗೊತ್ತಾಗುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ.

“ಈಗ ಅದನ್ನೆಲ್ಲ ಎಳೀಬೇಡ. ನನ್ನನ್ನ ಮಧ್ಯ ತಂದ್ರೆ ನಾಳೆ ನಿಮ್ಮಂಥೋರಿಗೆ ಕೆಲಸ ಕೊಡ್ಸೋರು ಯಾರು?”

“ಪಟ್ಟಿ ಕಟ್ಟಿದ್ದು ಮೇಸ್ತ್ರಿ ಸಾರ್. ನಾನು ಕಣ್ಣಾರೆ ನೋಡಿದೀನಿ. ಅಕ್ಕನಿಗೆ ಏನು ಕೊಡ್ತಾರೆ?”

“ಅವಳ್ಯಾರೋ, ನೀನ್ಯಾರೋ. ಜೊತೆ ಕೆಲಸದವಳ ತಪ್ಪು ಅಂದ್ಮೇಲೆ ಕಂಪನಿ ಯಾಕೆ ಕೊಡತ್ತೆ?” ಎದ್ದು ನಿಂತರು. “ಸಹಿ ಬರದಿದ್ರೆ ಹೆಬ್ಬೆಟ್ಟು ಒತ್ತು, ಪರವಾಗಿಲ್ಲ” ಅಂದು ಹೋದರು.

ಹತ್ತನೇ ಕ್ಲಾಸು ಪಾಸಾದವಳು ಅವಳು. ಅಪ್ಪ ಮೋರಿಗಿಳಿದು ಓದಿಸಿದ್ದ. ಮೈ ಉರಿದುಹೋಯಿತು.

ಗಂಡ ಬಾಗಿಲು ಹಾಕಿ ಬಂದು ನೆಲದ ಮೇಲೆ ಕೂತ.

“ಹಾಕ್ಬಿಡೇ” ಅಂದ. “ಒಂದು ಸಹಿ ತಾನೇ.”

“ಅವಳ ಕೈ ರೀ.”

“ಬೆಂದ ಕೈ ನಿನ್ನ ಸಹಿಯಿಂದ ವಾಪಸ್ ಬರುತ್ತಾ? ನಾನು ಇಲ್ಲಿ ಹೆಂಗಸರ ಹಂಗೆ ಪಾತ್ರೆ ತಿಕ್ಕೊಂಡು ಕೂತಿರೋದು ಯಾವ ಸುಖಕ್ಕೆ? ಆ ಪತ್ರ ಬಂದ್ರೆ ನಾನೂ ನಾಕು ಜನರ ಹಂಗೆ ದುಡೀಬಹುದು ಅಂತ ತಾನೇ?”

“ಹೆಂಗಸರ ಹಂಗೆ ಅಂತೆ! ಹೆಂಗಸರು ಏನ್ ಮಾಡ್ತಾರೆ ಅಂತ ಒಂದಿನ ಆ ರೋಲರ್ ಮುಂದೆ ನಿಂತು ನೋಡಿ.”

ಅವನು ತಲೆ ತಗ್ಗಿಸಿದ. ಅವನ ಮೇಲೆ ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳಿಗೂ ಹೆದರಿಕೆ ಇತ್ತು. ವಾಪಸು ಹೋಗಲು ಊರಲ್ಲಿ ಏನಿದೆ? ಅಪ್ಪ ಸತ್ತ ಮೋರಿ ಇದೆ.

ಮಾರನೇ ದಿನ ಹತ್ತು ಗಂಟೆಗೆ ಆಫೀಸಿನ ಮಹಡಿಗೆ ಕರೆಸಿದರು. ಗಂಡನೂ ಜೊತೆಗೆ ಬಂದ. ಅವನನ್ನು ಗೇಟಿನ ಹತ್ತಿರವೇ ನಿಲ್ಲಿಸಿದರು. ಮೇಜಿನಾಚೆ ದೊಡ್ಡಾಫೀಸಿನ ಹೆಂಗಸು, ಪಕ್ಕದಲ್ಲಿ ಕಾಫಿ ಹಿಡಿದ ಮೇಸ್ತ್ರಿ, ಈಚೆ ನಮ್ಮೋರು ಮತ್ತು ಅವಳು. ಮೇಜಿನ ಮೇಲೆ ಎರಡು ಕಾಗದ. ಒಂದು ಸಹಿಗೆ. ಇನ್ನೊಂದು ಅವಳ ಪತ್ರ, ಮೊಹರು ಬಿದ್ದು ಸಿದ್ಧವಾಗಿತ್ತು. ಅದನ್ನು ಅವಳ ಕಣ್ಣಿಗೆ ಬೀಳುವ ಹಾಗೆ ಮುಂದಕ್ಕೇ ಇಟ್ಟಿದ್ದರು. ಆ ಕಾಗದಕ್ಕೋಸ್ಕರ ಅವಳು ಎಷ್ಟು ಜನರ ಹೇಲು ಉಚ್ಚೆ ಒಗೆದಿದ್ದಳು!

ದೊಡ್ಡಾಫೀಸಿನ ಹೆಂಗಸು ಏನೋ ಕೇಳಿದಳು. ನಮ್ಮೋರು ತಿರುಗಿ, “ಎಲ್ಲ ಸರಿ ಇದೆಯಾ ಅಂತ ಕೇಳ್ತಿದಾರೆ. ಹೂಂ ಅನ್ನು” ಅಂದರು.

“ಇಲ್ಲ” ಅಂದಳು.

ನಮ್ಮೋರು ಆ ಹೆಂಗಸಿಗೆ ಏನೋ ಹೇಳಿದರು. ಅವಳು ಮುಗುಳ್ನಕ್ಕು ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದಳು. ಇಲ್ಲ ಅಂದರೆ ಯಾರಾದರೂ ಹಾಗೆ ನಗುತ್ತಾರೆಯೇ? ಅವಳಿಗೆ ಗೊತ್ತಾಯಿತು, ತನ್ನ ಇಲ್ಲವನ್ನು ಈ ಮನುಷ್ಯ ಮಧ್ಯದಲ್ಲೇ ನುಂಗಿದ.

ತಾನೇ ಹೇಳೋಣ ಅಂತ ಬಾಯಿ ತೆರೆದಳು. ಹತ್ತು ಪದಗಳನ್ನೂ ತಡಕಾಡಿದಳು. ಬಂದೆ ಇತ್ತು. ಹೌದು ಇತ್ತು. ತಪ್ಪಾಯ್ತು ಇತ್ತು. ಬೇಗ, ಬಿಸಿ, ಒದ್ದೆ, ನೀರು, ಇನ್ನೂ, ಥ್ಯಾಂಕ್ಸು. ಇಲ್ಲ ಅನ್ನುವುದಕ್ಕೆ ಪದವೇ ಇರಲಿಲ್ಲ. ಬದುಕಲು ಇಷ್ಟು ಸಾಕು ಅಂದಿದ್ದರು ಪುಣ್ಯಾತ್ಮರು. ಅದು ಬೇಕಾಗಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಇವಳೂ ಕೇಳಿರಲಿಲ್ಲ, ಥೂ!

ಪೆನ್ನು ತೆಗೆದುಕೊಂಡಳು. ನಮ್ಮೋರು ಉಸಿರು ಬಿಟ್ಟರು. ಮೇಸ್ತ್ರಿ ಕಪ್ಪು ಕೆಳಗಿಟ್ಟ.

ಅಚ್ಚಾದ ಮಾತಿಗೂ ಸಹಿಯ ಜಾಗಕ್ಕೂ ನಡುವೆ ಎಂಟು ಖಾಲಿ ಗೆರೆ ಇದ್ದವು. ಕೆಲಸದವರು ತಮ್ಮ ಮಾತು ಏನಾದರೂ ಇದ್ದರೆ ಬರೆಯಲಿ ಅಂತ ಕಾನೂನು ಬಿಟ್ಟ ಜಾಗವಿರಬೇಕು. ಇದೂ ಒಂದಿದೆ ಅಂತ ನಮ್ಮೋರು ಹೇಳಿರಲಿಲ್ಲ. ಅವಳು ಮೊದಲ ಗೆರೆಯ ಮೇಲೆ ಪೆನ್ನಿಟ್ಟು ಕನ್ನಡದಲ್ಲಿ ಬರೆಯತೊಡಗಿದಳು. ಅಕ್ಷರ ದಪ್ಪಗೆ ಬಂದವು.

‘ಮೇಲೆ ಬರೆದಿರುವುದು ಸುಳ್ಳು. ರೋಲರಿನ ಪಟ್ಟಿಯನ್ನು ಬಟ್ಟೆಯಿಂದ ಬಿಗಿದವನು ಮೇಸ್ತ್ರಿ. ನಾನು ನೋಡಿದೆ, ಅಕ್ಕನೂ ನೋಡಿದಳು. ಕೈ ಬೆಂದ ಮೇಲೆ ಆ ಬಟ್ಟೆಯನ್ನು ಬಿಚ್ಚಿ ಬಚ್ಚಿಟ್ಟಿದ್ದಾರೆ. ಅವನು ಕೇಳಿದ್ದು ನನಗೆ ತಿಳಿಯುತ್ತಿರಲಿಲ್ಲ, ತಿಳಿಯದವಳು ಅಂತಲೇ ನನ್ನನ್ನು ಕೇಳುತ್ತಿದ್ದ. ನಾನು ಅಂದದ್ದು ಆಯ್ತು, ಇವರು ಬರೆದುಕೊಂಡದ್ದು ಮುಗಿಯಿತು. ಆ ತಪ್ಪು ಪದ ಕಲಿಸಿದವರು ಇಲ್ಲಿ ಪಕ್ಕದಲ್ಲಿ ಕೂತಿರುವ ದುಭಾಷಿ, ಅದು ಅವರಿಗೆ ಗೊತ್ತು. ಅಕ್ಕನಿಗೆ ಕೊಡಬೇಕಾದ್ದನ್ನು ಕೊಡಿ.’

ಕೆಳಗೆ ಸಹಿ ಹಾಕಿದಳು. ಕಾಗದವನ್ನು ಆಚೆ ತಳ್ಳಿದಳು.

ದೊಡ್ಡಾಫೀಸಿನ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಏನಿದು ಅಂತ ನಮ್ಮೋರ ಕಡೆ ನೋಡಿದಳು. ನಮ್ಮೋರು ಓದಿ ಆಗಿತ್ತು. ಒಂದು ಪದ ಹೇಳಿದರು. ಆ ಪದ ಅವಳಿಗೂ ಗೊತ್ತಿತ್ತು, ಆ ಊರಿನ ಪ್ರತಿ ಆಫೀಸಿನ ಕಿಟಕಿಯಲ್ಲೂ ಮೊದಲು ಕೇಳುವುದು ಅದನ್ನೇ. ಹೆಸರು. ಅವಳ ಹೆಸರು ಬರೆದಿದ್ದಾಳೆ ಅಂದಿದ್ದರು.

ಆ ಹೆಂಗಸು ಎಂಟು ಸಾಲುಗಳ ಮೇಲೆ ಬೆರಳಾಡಿಸಿದಳು. ಬೆರಳು ಕೊನೆ ಸಾಲಿಗೆ ಬಂದು ನಿಂತಿತು. ಇಷ್ಟುದ್ದ ಹೆಸರೇ ಅನ್ನುವ ಹಾಗೆ ನಮ್ಮೋರ ಮುಖವನ್ನೇ ನೋಡುತ್ತ ಕೂತಳು. ಅವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

ಆಮೇಲೆ ನಡೆದದ್ದು ಅವರವರ ಭಾಷೆಯಲ್ಲಿ. ಮೇಸ್ತ್ರಿ ಕೂಗಾಡಿದ. ಕಾಗದ ಹರಿಯಲು ಕೈ ಹಾಕಿದ. ಆ ಹೆಂಗಸು ಬಿಡಲಿಲ್ಲ. ಅದಕ್ಕೆ ನಂಬರು ಇತ್ತು, ಸಹಿ ಬಿದ್ದಿತ್ತು, ಫೈಲಿಗೆ ಸೇರಿಸಿದಳು. ಹಾಗಂತ ಅವಳು ದೇವತೆಯೇನಲ್ಲ. ಮೊಹರು ಬಿದ್ದ ಪತ್ರವನ್ನೂ ಎತ್ತಿ ತನ್ನ ಚೀಲಕ್ಕೇ ಹಾಕಿಕೊಂಡಳು. ನಮ್ಮೋರು ಇವಳ ಕಡೆ ನೋಡದೆ ಹೇಳಿದರು: “ನಾಳೆಯಿಂದ ಬರೋದು ಬೇಡ್ವಂತೆ. ಪತ್ರ ಕೊಡಲ್ವಂತೆ.” ಅದನ್ನು ಮಾತ್ರ ಒಂದಕ್ಷರ ಬಿಡದೆ ತರ್ಜುಮೆ ಮಾಡಿದರು.

ಅವಳು ಎದ್ದಳು. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಬೂಟಿನ ಸದ್ದು.

“ಅಮ್ಮಾ, ಸ್ವಲ್ಪ ನಿಲ್ಲಿ” ಅಂದರು ನಮ್ಮೋರು. ನಿಲ್ಲಿ! ಐದು ತಿಂಗಳಲ್ಲಿ ಅವರ ಬಾಯಿಂದ ಅವಳೊಬ್ಬಳಿಗೇ ಅಂತ ಬಂದ ಮೊದಲ ಬಹುವಚನ. “ಬೇರೆ ಯಾರನ್ನೋ ಕರೆಸಿ ಓದಿಸ್ತಾರಂತೆ. ನನ್ನನ್ನ ಯಾಕಮ್ಮ ಬರೆದ್ರಿ ಅದರಲ್ಲಿ? ಇಪ್ಪತ್ತು ವರ್ಷ ಒದ್ದಾಡಿ ಇಲ್ಲಿ ಒಂದು ಹೆಸರು ಮಾಡಿದೀನಿ. ಈಗ್ಲೂ ಹೊತ್ತು ಮೀರಿಲ್ಲ, ಬನ್ನಿ, ತಪ್ಪಾಗಿ ಬರೆದೆ ಅಂತ ಹೇಳ್ಬಿಡಿ. ನಿಮ್ಮ ಪತ್ರ ನಾನು ಕೊಡಿಸ್ತೀನಿ.”

ಮೆಟ್ಟಿಲ ಕಿಟಕಿಯಲ್ಲಿ ಗೇಟು ಕಾಣುತ್ತಿತ್ತು. ಗಂಡ ಬಾಗಿಲ ಕಡೆಗೇ ಕಣ್ಣಿಟ್ಟು ನಿಂತಿದ್ದ. ಅವನಿಗೆ ಹೇಳುವುದು ಇನ್ನೂ ಬಾಕಿ ಇತ್ತು. ಅವಳು ಕಂಬಿ ಹಿಡಿದುಕೊಂಡು ತಿರುಗಿದಳು.

“ಅವಳದು ಕೈ ಹೋಯ್ತು ಸಾರ್. ನಂದು ಅನ್ನ ಹೋಯ್ತು” ಅಂದಳು. “ನಿಮ್ಮದು ಹೋದ್ರೆ ಬರೀ ಹೆಸರು ತಾನೇ?”